ನಾಲ್ಕನೆಯ ಹೆಸರು

ನಾನು ಒಂದು ಗಾಳಿಪಟ. ಹಾಗೆಂದ ಕೂಡಲೇ ನಿಮಗೆ ಬಿದಿರುಕಡ್ಡಿ, ಬಣ್ಣದ ಕಾಗದ, ಬಾಲಂಗೋಚಿ ನೆನಪಾಗಬಹುದು. ನಾನು ಆ ಜಾತಿಯದಲ್ಲ. ನನ್ನ ಮೈ ಬಟ್ಟೆಯದು. ಬಿಡಿಸಿ ಹಾಸಿದರೆ ಒಂದು ಕೋಣೆಯ ನೆಲ ಮುಚ್ಚುತ್ತದೆ. ಮುಂದಿನ ಅಂಚಿಗೆ ತೊಡೆಗಾತ್ರದ ಕೊಳವೆ ಇದೆ. ಪಂಪಿನಿಂದ ಅದಕ್ಕೆ ಗಾಳಿ ತುಂಬಿದರೆ ನಾನು ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತೇನೆ. ನನ್ನಿಂದ ನಾಲ್ಕು ದಾರ ಇಳಿಯುತ್ತವೆ, ಒಂದೊಂದೂ ಹದಿಮೂರು ಮಾರು. ಅವುಗಳ ಕೊನೆಗೆ ಒಂದು ಅಡ್ಡಕೋಲು. ಆ ಕೋಲನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಪಾದವನ್ನು ಒಂದು ಹಲಗೆಗೆ ತೂರಿಸಿಕೊಂಡು ನಿಂತವರನ್ನು ನಾನು ಕಡಲಿನ ಮೇಲೆ ಎಳೆದುಕೊಂಡು ಹೋಗುತ್ತೇನೆ. ಈ ಆಟಕ್ಕೆ ಕೈಟ್‌ಬೋರ್ಡಿಂಗ್ ಎನ್ನುತ್ತಾರೆ. ಎಳೆಯುವುದೊಂದೇ ನನಗೆ ಗೊತ್ತಿದ್ದ ಕೆಲಸ.

ನಾನು ಹುಟ್ಟಿದ್ದು ಸಿಂಹಳದ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜುಗಳ ಮೇಲೆ ನನ್ನ ತುಂಡುಗಳನ್ನು ಕತ್ತರಿಸಿದರು. ಕಿತ್ತಳೆ ಬಣ್ಣದ್ದು ಹೆಚ್ಚು, ಬೂದು ಬಣ್ಣದ್ದು ಸ್ವಲ್ಪ. ನನ್ನ ಅಂಚನ್ನು ಹೊಲಿದದ್ದು ಒಬ್ಬ ಹೆಂಗಸು. ಗೇಣು ಹೊಲಿದು ಮಿಷನ್ ನಿಲ್ಲಿಸುವಳು, ಉಗುರಿನಿಂದ ಹೊಲಿಗೆಯನ್ನು ಗೀರಿ ನೋಡುವಳು, ಮತ್ತೆ ಹೊಲಿಯುವಳು. ಕೊನೆಗೆ ನನ್ನನ್ನು ಮಡಿಸಿ ಚೀಲಕ್ಕೆ ಹಾಕಿದವಳೂ ಅವಳೇ. ನನ್ನ ಮೈಮೇಲೆ ದೊಡ್ಡ ಅಕ್ಷರಗಳಲ್ಲಿ ಏನೋ ಬರೆದಿತ್ತು. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನನ್ನು ಕೊಂಡವನು ಲಾರ್ಸ್ ಎಂಬ ಪರದೇಶಿ. ಚಳಿದೇಶದವನು. ಎರಡು ವರ್ಷ ಗೋವಾದಲ್ಲಿ ನನ್ನನ್ನು ಹಾರಿಸಿದ. ಆಮೇಲೆ ಗಾಳಿ ಹುಡುಕಿಕೊಂಡು ತೆಂಕಲಿಗೆ ಬಂದು, ಕುಂದಾಪುರದಿಂದ ಬಡಗಣಕ್ಕಿರುವ ಪಡುಹಿತ್ಲು ಎಂಬ ಮೀನುಗಾರರ ಊರಿನಲ್ಲಿ ಬಿಡಾರ ಹೂಡಿದ. ಫೆಬ್ರವರಿಯಿಂದ ಮೇ ತನಕ ಅಲ್ಲಿ ಮಧ್ಯಾಹ್ನವಾದರೆ ಸಾಕು, ವಾಯುವ್ಯದ ಗಾಳಿ ಗಂಟೆ ಹೊಡೆದ ಹಾಗೆ ಬರುತ್ತದೆ.

ನಾನು ಒಬ್ಬರ ಕೈಯಿಂದ ಏಳುವ ಗಾಳಿಪಟವಲ್ಲ. ದಾರದ ಆ ತುದಿಯಲ್ಲಿ ಸವಾರ, ಈ ತುದಿಯಲ್ಲಿ ನನ್ನ ಅಂಚು ಹಿಡಿದು ನಿಲ್ಲುವವರು ಇನ್ನೊಬ್ಬರು. ಸವಾರ ಹೆಬ್ಬೆರಳು ಎತ್ತಿ ತೋರಿಸಿದ ಮೇಲೆಯೇ ಕೈ ಬಿಡಬೇಕು. ಪಡುಹಿತ್ಲಿನಲ್ಲಿ ಲಾರ್ಸನಿಗೆ ಹಾಗೆ ಹಿಡಿಯುವವರು ಯಾರೂ ಇರಲಿಲ್ಲ. ಅಲ್ಲೇ ದಂಡೆಯಲ್ಲಿ ತಾಯಿಯ ಜೊತೆ ಬಲೆ ಸರಿಮಾಡುತ್ತಿದ್ದ ಒಬ್ಬಳನ್ನು ಕೈಸನ್ನೆ ಮಾಡಿ ಕರೆದ. ಅವಳೇ ಜಲಜಾಕ್ಷಿ. ಆಗ ಅವಳಿಗೆ ಇಪ್ಪತ್ತನಾಲ್ಕು. ಬೆಳಿಗ್ಗೆ ಮೀನು ಮಾರುವುದು, ಮಧ್ಯಾಹ್ನ ಬಲೆ ನೋಡುವುದು ಅವಳ ಕೆಲಸ. ಹತ್ತು ದಿನ ನನ್ನನ್ನು ಹಿಡಿದು ಬಿಟ್ಟಳು. ಹನ್ನೊಂದನೆಯ ದಿನ, "ನಂಗೂ ಒಂದ್ ಸಲ ಕೊಡಿ ಕಾಂಬ" ಅಂದಳು. ಲಾರ್ಸನಿಗೆ ಮಾತು ತಿಳಿಯಲಿಲ್ಲ, ಚಾಚಿದ ಕೈ ತಿಳಿಯಿತು.

ಅವಳಿಗೆ ಗಾಳಿ ಕಲಿಸಬೇಕಾಗಿರಲಿಲ್ಲ. ನೀರು ಎಲ್ಲಿ ಕಪ್ಪಾಯಿತು, ಗಾಳಿ ಎಲ್ಲಿ ಇಳಿಯಿತು ಎಂದು ಕಣ್ಣಲ್ಲೇ ಹೇಳುವವಳು. ಕಲಿಯಬೇಕಾದದ್ದು ನನ್ನ ಕೋಲು ಮತ್ತು ಆ ಹಲಗೆ. ಮೂರು ವಾರ ಬಿದ್ದಳು, ನೀರು ಕುಡಿದಳು. ನಾಲ್ಕನೆಯ ವಾರ ಎದ್ದು ನಿಂತಳು.

ಮಳೆಗಾಲ ಹತ್ತಿರವಾದಾಗ ಲಾರ್ಸ್ ಊರಿಗೆ ಹೊರಟ. ಅದಕ್ಕೆ ಎರಡು ದಿನ ಮೊದಲು ದಂಡೆಯ ಗಾಳಿಮರಕ್ಕೆ ಸಿಕ್ಕಿ ನನ್ನ ಮೈ ಒಂದು ಮಾರು ಹರಿದಿತ್ತು. ಹರಿದದ್ದನ್ನು ಯಾರು ಹೊರುತ್ತಾರೆ? ನನ್ನನ್ನು ಜಲಜಾಕ್ಷಿಗೆ ಕೊಟ್ಟು, ಅವಳ ತಲೆಯ ಮೇಲೆ ಕೈಯಿಟ್ಟು ಹೋದ. ಮತ್ತೆ ಬರಲಿಲ್ಲ. ಅವಳು ನನ್ನನ್ನು ಬಸ್ಸಿನಲ್ಲಿ ಕುಂದಾಪುರಕ್ಕೆ ಒಯ್ದು ಕೊಡೆ ರಿಪೇರಿ ಮಾಡುವ ಮುದುಕರ ಮುಂದೆ ಬಿಡಿಸಿದಳು. ಅವರು ಕನ್ನಡಕ ಏರಿಸಿ ನೋಡಿ, "ಇದ್ ಎಂತ ಕೊಡೆ ಮಾರಾಯ್ತಿ? ಇಡೀ ಊರಿಗ್ ಒಂದೇಯಾ?" ಅಂದರು. ಕೊಡೆಯ ಕಪ್ಪು ಬಟ್ಟೆಯ ತೇಪೆ ಹಾಕಿಕೊಟ್ಟರು. ಕಿತ್ತಳೆ ಮೈಯ ಮೇಲೆ ಕಪ್ಪು ತೇಪೆ. ದೂರದಿಂದಲೇ ನನ್ನ ಗುರುತು ಹತ್ತುತ್ತಿತ್ತು.

ಲಾರ್ಸ್ ಹೋದ ಮೂರನೆಯ ವರ್ಷ ಪಡುಹಿತ್ಲಿನಲ್ಲಿ ಸ್ಪರ್ಧೆ ಶುರುವಾಯಿತು. ಕಡಲಿನಲ್ಲಿ ಎರಡು ಕೆಂಪು ತೇಲುಗುಂಡು ಬಿಡುತ್ತಾರೆ. ಹಾರ್ನ್ ಊದಿದ ಮೇಲೆ ಒಂದು ಗೆರೆ ದಾಟಿ ಹೊರಟು, ಗುಂಡುಗಳನ್ನು ಮೂರು ಸುತ್ತು ಬಳಸಿ ಬರಬೇಕು. ಗೋವಾ, ತೂತ್ತುಕುಡಿ, ರಾಮೇಶ್ವರದಿಂದೆಲ್ಲ ಜನ ಬಂದರು. ನಡೆಸುವವರು ಒಂದು ಸಂಘದವರು. ಹೆಸರು ಬರೆದುಕೊಳ್ಳುವವರು ಶ್ಯಾನುಭಾಗರು, ಬ್ಯಾಂಕಿನಿಂದ ನಿವೃತ್ತರಾದ ಒಳ್ಳೆಯ ಮನುಷ್ಯ. ನೋಟೀಸಿನಲ್ಲಿ ಗಂಡಸರ ವಿಭಾಗ, ಹೆಂಗಸರ ವಿಭಾಗ ಎರಡೂ ಇದ್ದವು. ಜಲಜಾಕ್ಷಿ ಹೆಸರು ಕೊಟ್ಟಳು.

"ಒಬ್ಬಳೇ ಆದೆಯಲ್ಲ ಮಾರಾಯ್ತಿ" ಅಂದರು ಶ್ಯಾನುಭಾಗರು. "ನಾಲ್ಕು ಜನ ಆದ್ರೆ ಮಾತ್ರ ವಿಭಾಗ. ಈ ರೂಲು ನಾನು ಬರ್ದದ್ದಲ್ಲ."

"ಈಗ ನಾನ್ ಎಂತ ಮಾಡ್ಕ್?"

"ಗಂಡಸರೊಟ್ಟಿಗೆ ಹೋಗು. ಅದಕ್ಕೆ ಅಡ್ಡಿ ಇಲ್ಲ."

ಹೋದಳು. ಇಪ್ಪತ್ತೆರಡು ಜನರಲ್ಲಿ ಹದಿನೇಳನೆಯವಳಾಗಿ ಬಂದಳು. ಫಲಕದಲ್ಲಿ ಹೆಂಗಸರ ವಿಭಾಗದ ಎದುರು 'ರದ್ದು' ಎಂದು ಬರೆದರು. ನೋಡಲು ಬಂದಿದ್ದ ಹುಡುಗಿಯರು ಅದನ್ನು ಓದಿ, ಐಸ್‌ಕ್ಯಾಂಡಿ ತಿಂದು, ಮನೆಗೆ ಹೋದರು.

ಮರುವರ್ಷ ಇಬ್ಬರು. ಅದರಾಚೆ ಒಬ್ಬಳೇ. ಒಂದು ವರ್ಷ ಮೂರು ಜನ ಆಗಿದ್ದರು. ಆ ವರ್ಷ ಜಲಜಾಕ್ಷಿಗೆ ತಡೆಯಲಿಲ್ಲ. ನಾಲ್ಕನೆಯ ಹೆಸರೆಂದು ಅಬ್ಬಿಯ ಹೆಸರನ್ನೇ ಬರೆಸಿದಳು. ಅಬ್ಬಿ ಎಂದರೆ ತಾಯಿ, ಮುತ್ತಕ್ಕ. ಮುತ್ತಕ್ಕನಿಗೆ ಆಗ ಐವತ್ತೆಂಟು. ಸ್ಪರ್ಧೆಯ ದಿನ ಶ್ಯಾನುಭಾಗರು ಹೆಸರು ಕೂಗಿದರು. ಮೀನಿನ ಬುಟ್ಟಿ ಕೆಳಗಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಮುತ್ತಕ್ಕ ಮುಂದೆ ಬಂದರು.

"ಮುತ್ತಕ್ಕ, ನೀವು ಹಾರ್ತೀರಾ?"

"ಹಾರೂದ್ ಎಂತ, ನಿಮ್ಮನ್ನೂ ಹೊತ್ಕಂಡ್ ಹೋತೆ. ಬನ್ನಿ."

ದಂಡೆಯೆಲ್ಲ ನಕ್ಕಿತು. ಶ್ಯಾನುಭಾಗರೂ ನಕ್ಕರು. ಆದರೆ ರೂಲು ಬಿಗಿಯಾಯಿತು. ಅಂದಿನಿಂದ ಹೆಸರು ಬರೆಸಿದರೆ ಸಾಲದು, ಹಾರ್ನ್ ಊದಿದ ನಾಲ್ಕು ನಿಮಿಷದೊಳಗೆ ನಾಲ್ಕು ಜನ ನಿಜವಾಗಿ ಗೆರೆ ದಾಟಬೇಕು. ಆಗ ಮಾತ್ರ ಆ ವಿಭಾಗ ಲೆಕ್ಕಕ್ಕೆ.

ಹೀಗೆ ಒಂಬತ್ತು ವರ್ಷ, ಒಂಬತ್ತು ರದ್ದು. ಈ ನಡುವೆ ಜಲಜಾಕ್ಷಿ ಗಂಡಸರ ನಡುವೆ ಆರನೆಯ ಸ್ಥಾನದವರೆಗೆ ಏರಿದಳು. ಎರಡು ಸಲ ತೂತ್ತುಕುಡಿಗೂ ಹೋಗಿ ಬಂದಳು. ಮೀನು ಮಾರಿದ ದುಡ್ಡಿನಲ್ಲಿ ಗೋವಾದಿಂದ ಒಂದು ನೀಲಿ ಗಾಳಿಪಟ ತಂದಳು. ನನಗಿಂತ ಚಿಕ್ಕದು, ಚುರುಕಿನದು. ಸ್ಪರ್ಧೆಗೆ ಅದು ಹೋಗತೊಡಗಿತು. ನಾನು ಕಲಿಯುವವರ ಪಾಲಿಗೆ ಬಂದೆ. ನನಗೇನೂ ಬೇಸರವಾಗಲಿಲ್ಲ. ಕಲಿಯುವವರು ನಿಧಾನದ ಗಾಳಿಪಟವನ್ನೇ ಇಷ್ಟಪಡುತ್ತಾರೆ.

ಹಾಗೆ ಕಲಿಯಲು ಬಂದವರು ಹಿಲ್ಡಾ ಟೀಚರ್. ಊರ ಶಾಲೆಯ ಆಟದ ಟೀಚರ್, ನಲವತ್ತೆರಡು ವಯಸ್ಸು, ಗಟ್ಟಿ ದನಿ. ಮಕ್ಕಳಿಗೆ ಈಜು ಕಲಿಸುವವರು. ಆದರೆ ನನ್ನ ಕೋಲು ಹಿಡಿದ ಮೊದಲ ದಿನ ಮೂಗು ಬಾಯಿಯಲ್ಲೆಲ್ಲ ಉಪ್ಪುನೀರು. "ಎಂತ ಮಾರಾಯ್ತಿ, ಇದು ನನ್ನನ್ನು ಅರಬಸ್ಥಾನಕ್ಕೆ ಕೊಂಡೋಗ್ತದೆ!" ಎಂದು ಕೂಗಿದರು. ಆದರೂ ಬಿಡಲಿಲ್ಲ. ಎರಡು ಬೇಸಿಗೆ ನನ್ನ ಕೆಳಗೆ ಬಿದ್ದು ಎದ್ದು, ಕೊನೆಗೆ ಹೋಗಿ ತಿರುಗಿ ಬರುವಷ್ಟು ಕಲಿತರು. ನಾನು ನೀರಿಗೆ ಬಿದ್ದರೆ ಎಬ್ಬಿಸುವುದು ಮಾತ್ರ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ.

ಹತ್ತನೆಯ ವರ್ಷ ಬಂತು. ಹೆಸರು ಕೊಡಲು ಹೋದಾಗ ಶ್ಯಾನುಭಾಗರು ಕನ್ನಡಕ ತೆಗೆದು ಒರೆಸಿದರು.

"ಜಲಜಾಕ್ಷಿ, ನಿನಗೆ ಮೊದಲೇ ಹೇಳ್ತೇನೆ. ಈ ಸಲವೂ ರದ್ದಾದ್ರೆ ಮುಂದಿನ ವರ್ಷದ ನೋಟೀಸಿನಲ್ಲಿ ಹೆಂಗಸರ ವಿಭಾಗ ಅಂತ ಹಾಕುದಿಲ್ಲ. ಮೀಟಿಂಗಿನಲ್ಲಿ ಆಗಿದೆ."

"ಗೋವಾದವಳ್ ಬತ್ಲ್, ತೂತ್ತುಕುಡಿಯವಳ್ ಬತ್ಲ್. ನಾನ್. ಹಿಲ್ಡಾ ಟೀಚರ್."

"ಟೀಚರ್ ಗೆರೆ ದಾಟ್ತಾರಾ?"

"ದಾಂಟ್ತ್ರ್."

ಅವಳು ಗಟ್ಟಿಯಾಗಿಯೇ ಹೇಳಿದಳು. ಆದರೆ ಮನೆಗೆ ಬಂದು ನನ್ನನ್ನು ಇಡೀ ಬಿಡಿಸಿ, ಹೊಲಿಗೆ ಹೊಲಿಗೆ ತಡವಿ ನೋಡಿದಳು. ಯಾಕೆಂದರೆ ಟೀಚರ್ ಹೋಗಬೇಕಾದದ್ದು ನನ್ನ ಜೊತೆ. ಅವರಿಗೆ ನನ್ನ ಅಭ್ಯಾಸವಿತ್ತು. ಬಟ್ಟೆ ನೋಡಿದಳು, ಕೊಳವೆ ನೋಡಿದಳು. ದಾರಗಳನ್ನು ಮರುದಿನ ನೋಡೋಣ ಎಂದು ಕೋಲಿಗೆ ಸುತ್ತಿ ಬಲೆಯ ಚಪ್ಪರದಲ್ಲಿ ತೂಗುಹಾಕಿದಳು. ಮರುದಿನ ದಂಡೆಯ ಕೆಲಸದಲ್ಲಿ ಅದು ಮರೆತುಹೋಯಿತು.

ಚಪ್ಪರ ಮುತ್ತಕ್ಕನ ಜಾಗ. ದಾರ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಐವತ್ತು ವರ್ಷದ ರೂಢಿ. ಬೆರಳಿನ ನಡುವೆ ಹಾಯಿಸುತ್ತ ಹೋಗುತ್ತಾರೆ, ಒರಟು ಸಿಕ್ಕಿದಲ್ಲಿ ನಿಲ್ಲುತ್ತಾರೆ. ನನ್ನ ಎಡಗಡೆಯ ದಾರದಲ್ಲಿ ಒಂದು ಕಡೆ ಸವೆದು ಕೂದಲಿನ ಹಾಗೆ ಎದ್ದಿತ್ತು. ಮುತ್ತಕ್ಕ ಆ ತುಂಡನ್ನು ಕೊಯ್ದು ತೆಗೆದರು. ಎರಡು ತುದಿ ಕೂಡಿಸಿ ಬಲೆಯ ಗಂಟು ಹಾಕಿದರು, ಹಲ್ಲಿನಿಂದ ಎಳೆದು ಬಿಗಿದರು, ಮತ್ತೆ ಮೊದಲಿನ ಹಾಗೇ ಸುತ್ತಿಟ್ಟರು. ಬಲೆಗೆ ಅದು ಸರಿಯಾದ ಕೆಲಸ. ಮುತ್ತಕ್ಕ ಮಗಳಿಗೆ ಹೇಳಲೂ ಇಲ್ಲ. ಇಂಥದ್ದನ್ನೆಲ್ಲ ಅವರು ಹೇಳಿ ಮಾಡುವವರಲ್ಲ.

ಸ್ಪರ್ಧೆಯ ದಿನ ಮೂರು ಗಂಟೆಗೆ ಗಂಡಸರದು ಮುಗಿಯಿತು. ಮೂರೂವರೆಗೆ ಹೆಂಗಸರದು. ಇಪ್ಪತ್ತು ನಿಮಿಷ ಇರುವಾಗ ಹಿಲ್ಡಾ ಟೀಚರ್ ನನ್ನನ್ನು ಒಮ್ಮೆ ಎಬ್ಬಿಸಿ ನೋಡಿದರು. ನಾನು ಏಳುತ್ತಲೇ ಎಡಕ್ಕೆ ವಾಲಿದೆ. ಟೀಚರ್ ಬಲಕ್ಕೆ ಎಳೆದರು. ಆದರೂ ಎಡಕ್ಕೇ ಹೋಗಿ ಮರಳಿಗೆ ಬಡಿದೆ. ಎರಡನೆಯ ಸಲವೂ ಹಾಗೇ.

"ಜಲಜಾ, ಇದಕ್ಕೆ ಎಂತ ಆಗಿದೆ? ನಾನು ಒಂದು ಹೇಳಿದ್ರೆ ಇದು ಒಂದು ಮಾಡ್ತದೆ. ಥೇಟ್ ನನ್ನ ಏಳನೇ ಕ್ಲಾಸು!"

ಜಲಜಾಕ್ಷಿ ಓಡಿ ಬಂದಳು. ನಾಲ್ಕೂ ದಾರವನ್ನು ಒಂದೇ ಗೂಟಕ್ಕೆ ಸಿಕ್ಕಿಸಿ ಎಳೆದು ಹಿಡಿದಳು. ಮೂರು ಸಮ ಇದ್ದವು. ಎಡಗಡೆಯದು ನಾಲ್ಕು ಬೆರಳು ಗಿಡ್ಡ. ಬೆರಳು ಹಾಯಿಸುತ್ತ ಹೋದವಳು ಗಂಟಿನ ಹತ್ತಿರ ನಿಂತಳು. ಆ ಗಂಟು ಯಾರದೆಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು.

"ಅಬ್ಬೀ, ಇದ್ ನೀ ಕಟ್ಟಿದ್ದಾ?"

"ಹೌದ್. ಸವ್ದ್ ಹೋಯಿತ್ತ್. ಆ ತುಂಡ್ ತೆಗ್ದ್ ಗಂಟ್ ಹಾಕ್ದೆ. ಎಂತ ಆಯ್ತ್ ಈಗ?"

"ನಾಕ್ ಬೆರಳ್ ಗಿಡ್ಡ ಆಯ್ತ್."

"ನಾಕ್ ಬೆರಳಿಗ್ ಇಷ್ಟ್ ಬೊಬ್ಬೆಯಾ? ಬಲೆಗೆ ಸಾವ್ರ ಗಂಟ್ ಹಾಕಿದ್ದೆ. ಒಂದ್ ಮೀನೂ ತಕ್ರಾರ್ ಮಾಡ್ಲಿಲ್ಲ."

ಅವಳಿಗೆ ನಗು ಬರಲಿಲ್ಲ. ಅವಳ ಕಣ್ಣು ದಂಡೆಯ ಉದ್ದಕ್ಕೂ ಹೋಯಿತು. ಬೇರೆಯವರ ದಾರಗಳೆಲ್ಲ ಅವರವರ ಗಾಳಿಪಟಕ್ಕೆ ಕಟ್ಟಿದ್ದವು. ಕೇಳಿ, ಬಿಚ್ಚಿ, ಅಳೆದು, ಮತ್ತೆ ಕಟ್ಟಲು ಅರ್ಧ ಗಂಟೆಯಾದರೂ ಬೇಕು. ಇದ್ದದ್ದು ಹದಿನೈದು ನಿಮಿಷ. ಒಂದು ಗಳಿಗೆ ಮರಳಿನ ಮೇಲೆ ಕೂತಳು. ಎದ್ದು ತನ್ನ ನೀಲಿಯದರ ಕೋಲನ್ನು ತಂದು ಟೀಚರ ಕೈಗೆ ಕೊಟ್ಟಳು.

"ನೀವ್ ಇದ್ನ ತಕಣಿ ಟೀಚರೇ. ಇದ್ ಬೀಳೂದಿಲ್ಲ."

"ಮತ್ತೆ ನೀನು? ಈ ಅಜ್ಜಿಯನ್ನು ಹಿಡ್ಕೊಂಡು ಹೋಗಿ ಗೆಲ್ಲುದು ಹೇಗೆ ಮಾರಾಯ್ತಿ?"

"ನೀವ್ ಮೊದ್ಲ್ ಗೆರೆ ದಾಂಟಿ. ಗೆಲ್ಲೂದ್ ಮತ್ತೆ ಕಾಂಬ."

ಆಮೇಲೆ ಅಬ್ಬಿಯ ಕಡೆ ತಿರುಗಿದಳು. "ಬಲ್ದ್ ಬದಿಗೂ ಒಂದ್ ಗಂಟ್ ಹಾಕ್. ಅಷ್ಟೇ ಗಿಡ್ಡ ಆಯ್ಕ್. ಒಂದ್ ನೂಲೂ ಹೆಚ್ಚ್ ಕಮ್ಮಿ ಬೇಡ."

ಮುತ್ತಕ್ಕ ಈಗ ತಮಾಷೆ ಮಾಡಲಿಲ್ಲ. ನಾಲ್ಕು ಬೆರಳು ಇಟ್ಟು ಅಳೆದರು. ಕೊಯ್ದರು, ಕೂಡಿಸಿದರು, ಹಲ್ಲಿನಿಂದ ಬಿಗಿದರು. ಗೂಟಕ್ಕೆ ಸಿಕ್ಕಿಸಿ ಎಳೆದಾಗ ಎರಡೂ ಅಂಚಿನ ದಾರ ಕೂದಲಷ್ಟೂ ಭೇದವಿಲ್ಲದೆ ಸಮ ನಿಂತವು.

ಅಲ್ಲಿಗೆ ಮುಗಿಯಲಿಲ್ಲ. ಅಂಚಿನ ಎರಡು ದಾರ ತಿರುಗಿಸುವುದಕ್ಕೆ, ನಡುವಿನ ಎರಡು ಭಾರ ಹೊರುವುದಕ್ಕೆ. ಅಂಚಿನವು ಮಾತ್ರ ಗಿಡ್ಡವಾದರೆ ನಾನು ಹಿಂದಕ್ಕೆ ಮಗುಚಿ ಬೀಳುತ್ತೇನೆ. ಅದಕ್ಕೆ ಜಲಜಾಕ್ಷಿ ಕೋಲಿನ ಮೇಲಿನ ಪಟ್ಟಿಯನ್ನು ಜಗ್ಗಿ ನಡುವಿನವನ್ನೂ ಅಷ್ಟೇ ಗಿಡ್ಡ ಮಾಡಿದಳು. ಆ ಪಟ್ಟಿ ಇರುವುದು ಗಾಳಿ ಜೋರಾದಾಗ ನನ್ನ ಬಲ ತಗ್ಗಿಸಲು. ಅದನ್ನು ದಂಡೆಯಲ್ಲೇ ಜಗ್ಗಿಬಿಟ್ಟರೆ ಕಡಲಿನಲ್ಲಿ ಜಗ್ಗಲು ಏನೂ ಉಳಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗಂಟು ಬಿದ್ದ ದಾರ ಅರ್ಧ ದಾರ ಎನ್ನುವುದೂ ಗೊತ್ತಿತ್ತು. ಕಲಿಯುವವರಿಗೆ ಅವಳೇ ನೂರು ಸಲ ಹೇಳಿದ್ದ ಮಾತು ಅದು.

ನನ್ನ ಅಂಚನ್ನು ಹಿಡಿದು ನಿಂತವರು ಮುತ್ತಕ್ಕ. ಮಗಳು ಹೆಬ್ಬೆರಳು ಎತ್ತಿದಳು. ಅವರು ಬಿಟ್ಟರು. ನಾನು ನೆಟ್ಟಗೆ ಎದ್ದೆ.

ಹಾರ್ನ್ ಊದಿತು. ಗೆರೆ ಎಂದರೆ ಒಂದು ದೋಣಿಗೂ ಒಂದು ತೇಲುಗುಂಡಿಗೂ ನಡುವಿನ ನೀರು. ದೋಣಿಯಲ್ಲಿ ಶ್ಯಾನುಭಾಗರು ಗಡಿಯಾರ ಹಿಡಿದು ಕೂತಿದ್ದರು. ತೂತ್ತುಕುಡಿಯವಳು ಮೊದಲು ದಾಟಿದಳು, ಗೋವಾದವಳು ಅವಳ ಬೆನ್ನಿಗೇ. ಹಿಲ್ಡಾ ಟೀಚರ್ ನೀಲಿಯದರ ಕೆಳಗೆ ಮಂಡಿ ಬಗ್ಗಿಸಿ, ಬಾಯಲ್ಲಿ ಜಪ ಮಾಡುತ್ತ, ಮೂರನೆಯವರಾಗಿ ದಾಟಿದರು.

"ಮೂರು!" ಎಂದು ಶ್ಯಾನುಭಾಗರು ಕೂಗಿದ್ದು ನನಗೆ ಮೇಲಕ್ಕೆ ಕೇಳಿಸಿತು.

ಗೆರೆಗೆ ಐವತ್ತು ಮಾರು ಇರುವಾಗ ಒಮ್ಮೆಲೇ ಜೋರು ಗಾಳಿ ಬೀಸಿತು. ಜಲಜಾಕ್ಷಿಗೆ ನನ್ನ ಬಲ ತಗ್ಗಿಸಲು ದಾರಿ ಇರಲಿಲ್ಲ. ನಾನು ಅವಳನ್ನು ಹಲಗೆಯ ಮೇಲಿಂದ ಕಿತ್ತು ಎಸೆದೆ. ಅವಳು ನೀರಿಗೆ, ನಾನೂ ನೀರಿಗೆ. ಕವುಚಿ ಬಿದ್ದೆ. ಮೈಯ ಮೇಲೆ ಅಲೆ ಹತ್ತಿತು. ನನ್ನನ್ನು ಎಬ್ಬಿಸಬೇಕಾದರೆ ಅಂಚಿನ ಒಂದು ದಾರವನ್ನು ಎಳೆದು ಹಿಡಿಯಬೇಕು. ಸಿಕ್ಕಿದ್ದು ಎಡಗಡೆಯದು, ಸವೆದ ದಾರ. ಎಳೆದಳು. ಬಿಡದೆ ಹಿಡಿದಳು. ದಾರ ಕಿರುಗುಟ್ಟಿತು, ಗಂಟು ಜಗ್ಗಲಿಲ್ಲ. ನನ್ನ ಒಂದು ರೆಕ್ಕೆ ಮೆಲ್ಲಗೆ ನೀರು ಬಿಟ್ಟಿತು, ಗಾಳಿ ಒಳಗೆ ಹೊಕ್ಕಿತು. ನಾನು ಎದ್ದೆ. ಅವಳು ಈಜಿ ಹಲಗೆ ಹಿಡಿದು, ಕಾಲು ತೂರಿಸಿ, ನಿಂತಳು.

ದೋಣಿಯಲ್ಲಿ ಯಾರೋ ನಿಮಿಷ ಹೇಳುತ್ತಿದ್ದರು. ನಾಲ್ಕು ನಿಮಿಷಕ್ಕೆ ಇನ್ನೂ ಒಂಬತ್ತು ಸೆಕೆಂಡ್ ಇರುವಾಗ ನಾವು ಗೆರೆ ದಾಟಿದೆವು.

"ನಾಲ್ಕು!" ಶ್ಯಾನುಭಾಗರು ದೋಣಿಯಲ್ಲಿ ಎದ್ದೇ ನಿಂತರು. "ನಾಲ್ಕಾಯ್ತು! ಬರ್ಕೊಳ್ಳಿ, ನಾಲ್ಕಾಯ್ತು!"

 ಜಲಜಾಕ್ಷಿ ನನ್ನನ್ನು ಒಮ್ಮೆ ಮೇಲಕ್ಕೆ ನೋಡಿದಳು. ಆಮೇಲೆ ಬೆನ್ನಟ್ಟಿದಳು. ನಿಜವಾಗಿ ಬೆನ್ನಟ್ಟಿದಳು. ಮೊದಲ ಸುತ್ತಿನಲ್ಲಿ ಟೀಚರನ್ನು ಹಿಂದೆ ಹಾಕಿದಳು, ಎರಡನೆಯ ಸುತ್ತಿನಲ್ಲಿ ಗೋವಾದವಳ ಹತ್ತಿರಕ್ಕೆ ಬಂದಳು. ತೇಲುಗುಂಡಿನ ಬಳಿ ತಿರುಗುವಾಗ ಎಡಗಡೆಯ ದಾರ ಹರಿಯಿತು. ನಾನು ಚರಕದ ಹಾಗೆ ಎರಡು ಸುತ್ತು ಸುತ್ತಿ ಬಿದ್ದೆ. ಈ ಸಲ ಎಬ್ಬಿಸುವಂತಿರಲಿಲ್ಲ. ನನ್ನ ಕೊಳವೆಯನ್ನು ತಬ್ಬಿಕೊಂಡು ತೇಲುತ್ತ ಅವಳು ಉಳಿದ ಮೂವರು ಸುತ್ತು ಮುಗಿಸುವುದನ್ನು ನೋಡಿದಳು. ಆಮೇಲೆ ಒಂದು ದೋಣಿ ಬಂದು ನಮ್ಮಿಬ್ಬರನ್ನೂ ಎತ್ತಿಕೊಂಡಿತು.

ದಂಡೆಯಲ್ಲಿ ಮುತ್ತಕ್ಕ ದಾರದ ತುದಿ ಹಿಡಿದು ಹುಡುಕಿದರು. ಹರಿದದ್ದು ಗಂಟಿನಿಂದ ಒಂದು ಗೇಣು ಆಚೆ. ಗಂಟು ಹಾಗೇ ಇತ್ತು.

"ಕಾಣ್" ಅಂದರು, "ನನ್ ಗಂಟ್ ಹೋಯ್ಲಿಲ್ಲ." ದಾರವನ್ನು ಮಗಳ ಕೈಗಿಟ್ಟು, "ಒಂದ್ ಮಾತ್ ಕೇಂಡ್ಕಂಡ್ ಕಟ್ಕಿತ್ತ್ ನಾನ್" ಅಂದರು. ಕೇಳಿಕೊಂಡು ಕಟ್ಟಬೇಕಿತ್ತು ಎಂಬಂಥ ಮಾತು ಅವರ ಬಾಯಿಂದ ನಾನು ಅದೊಂದೇ ಸಲ ಕೇಳಿದ್ದು.

ಸಂಜೆ ಫಲಕದಲ್ಲಿ ಹೆಂಗಸರ ವಿಭಾಗದ ಎದುರು ನಾಲ್ಕು ಹೆಸರು ಬರೆದರು. ಕೊನೆಯದು ಜಲಜಾಕ್ಷಿ, ಅದರ ಮುಂದೆ 'ಪೂರ್ತಿಗೊಳಿಸಿಲ್ಲ'. ಹಿಲ್ಡಾ ಟೀಚರಿಗೆ ಮೂರನೆಯ ಬಹುಮಾನ. "ಮುಗಿಸಿದವರೇ ಮೂರು ಜನ. ಮೂರನೆಯವಳೂ ನಾನೇ, ಕೊನೆಯವಳೂ ನಾನೇ" ಎಂದು ನಗುತ್ತ ಹೋಗಿ, ಪದಕ ಹಾಕಿಸಿಕೊಳ್ಳುವಾಗ ಅತ್ತುಬಿಟ್ಟರು. ಜಲಜಾಕ್ಷಿ ಜನರ ಹಿಂದೆ ನಿಂತು ಚಪ್ಪಾಳೆ ಹೊಡೆದಳು. ಹತ್ತು ವರ್ಷ ಕಾದ ಸ್ಪರ್ಧೆಯನ್ನು ಮುಗಿಸಲು ಆಗದ ನೋವು ಅವಳಿಗೆ ಇರಲಿಲ್ಲವೆಂದು ನಾನು ಹೇಳಲಾರೆ. ನನ್ನನ್ನು ಎರಡು ಸಲ ತಪ್ಪಾಗಿ ಮಡಿಸಿ, ಮತ್ತೆ ಬಿಡಿಸಿ ಮಡಿಸಿದಳು.

ಅದು ನನ್ನ ಕೊನೆಯ ಹಾರಾಟ. ಆಮೇಲೆ ನನ್ನ ಬಟ್ಟೆ ಹಿಂಜಿತು. ಈಗ ಬಲೆಯ ಚಪ್ಪರದ ಪಡುವಣ ಬದಿಗೆ ನನ್ನನ್ನು ಪರದೆಯಾಗಿ ಕಟ್ಟಿದ್ದಾರೆ. ಸಂಜೆಯ ಬಿಸಿಲು ಮುತ್ತಕ್ಕನ ಕಣ್ಣಿಗೆ ಹೊಡೆಯದ ಹಾಗೆ ತಡೆಯುತ್ತೇನೆ. ಗಾಳಿ ಬಂದಾಗ ಸ್ವಲ್ಪ ಉಬ್ಬುತ್ತೇನೆ, ಎಳೆಯಲು ಯಾರೂ ಇಲ್ಲ. ಇಲ್ಲಿಂದ ಕಡಲು ಕಾಣುವುದಿಲ್ಲ, ಹಾರ್ನ್ ಕೇಳಿಸುತ್ತದೆ.

ಈ ವರ್ಷವೂ ಕೇಳಿಸಿತು. ಸಂಜೆ ಜಲಜಾಕ್ಷಿ ಒದ್ದೆ ಬಟ್ಟೆಯಲ್ಲೇ ಚಪ್ಪರಕ್ಕೆ ಬಂದಳು. ಮುತ್ತಕ್ಕ ಬಲೆಯಿಂದ ತಲೆ ಎತ್ತಲಿಲ್ಲ.

"ಎಷ್ಟ್ನೇದ್?"

"ಐದ್ನೇದ್" ಅಂದಳು, ನಗು ತಡೆಯಲಾರದೆ.

"ಐದ್ನೇದಾ? ಅದಕ್ಕೆ ಇಷ್ಟ್ ನೆಗಿಯಾ?"

"ಒಂಬತ್ ಜನ ಅಬ್ಬಿ" ಅಂದಳು ಅವಳು. "ಒಂಬತ್ ಜನ ಹೆಂಗಸ್ರ್. ನನ್ ಹಿಂದೆ ನಾಕ್ ಜನ ಇದ್ದಿದ್ರ್."